ಎಲ್‌ಇಡಿ ಬಲ್ಬ್: ಚರಿತ್ರೆ ಮತ್ತು ವಿದ್ಯುತ್ ಉಳಿತಾಯ

ಎಲ್‌ಇಡಿ ಎಂದರೆ ಅರೆವಾಹಕದ ಪುಟ್ಟ ಹರಳಿನಲ್ಲಿ ವಿದ್ಯುತ್ ಹರಿದಾಗ ನೇರವಾಗಿ ಬೆಳಕು ಹೊಮ್ಮಿಸುವ ದೀಪ. ತಂತಿ ಕಾಯಿಸಿ ಉರಿಯುವ ಹಳೆಯ ಬಲ್ಬಿನಲ್ಲಿ ಶೇ. 90ಕ್ಕೂ ಹೆಚ್ಚು ವಿದ್ಯುತ್ ಬರಿಯ ಶಾಖವಾಗಿ ಹೋಗುತ್ತದೆ. 60 ವ್ಯಾಟಿನ ಅಂಥ ಬಲ್ಬಿನಷ್ಟೇ ಬೆಳಕನ್ನು ಎಲ್‌ಇಡಿ ಸುಮಾರು 9 ವ್ಯಾಟಿನಲ್ಲಿ ಕೊಡುತ್ತದೆ.

1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ತಯಾರಿಸಿದರು. ಆಮೇಲೆ ಬಹುಕಾಲ ಅದು ರೇಡಿಯೊ, ಕ್ಯಾಲ್ಕುಲೇಟರುಗಳ ಸೂಚಕವಾಗಿಯೇ ಉಳಿಯಿತು. ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬೇಕಿತ್ತು; ಅದಕ್ಕೆ ತಕ್ಕ ಗ್ಯಾಲಿಯಂ ನೈಟ್ರೈಡ್ ಹರಳು ಬೆಳೆಸುವುದೇ ದೊಡ್ಡ ಸವಾಲಾಗಿತ್ತು. ಜಪಾನಿನ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಾಮುರ ಅದನ್ನು ಸಾಧಿಸಿ 2014ರ ಭೌತಶಾಸ್ತ್ರದ ನೊಬೆಲ್ ಪಡೆದರು. ನೀಲಿ ಎಲ್‌ಇಡಿ ಚಿಪ್‌ನ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಕಣ್ಣಿಗೆ ಬಿಳಿ ಬೆಳಕು ಕಾಣುತ್ತದೆ. ಬಲ್ಬಿನ ಮುಚ್ಚಳ ತೆಗೆದಾಗ ಕಾಣುವ ಹಳದಿ ಚುಕ್ಕೆಗಳು ಇವೇ.

ಭಾರತದ ಮನೆಗಳಿಗೆ ಇದು ತಲುಪಿದ್ದು ಬೆಲೆ ಇಳಿದ ಮೇಲೆ. ಕೇಂದ್ರ ಸರ್ಕಾರದ ಉದ್ಯಮವಾದ ಇಇಎಸ್‌ಎಲ್ ರಾಜ್ಯಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಟೆಂಡರ್ ಕರೆಯಿತು. 2014ರ ಆರಂಭದಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಖರೀದಿ ದರ 2016ರಲ್ಲಿ 38ಕ್ಕೆ ಇಳಿಯಿತು. ಜಗತ್ತಿನೆಲ್ಲೆಡೆ ಚಿಪ್ ಅಗ್ಗವಾಗುತ್ತಿದ್ದುದೂ ನೆರವಾಯಿತು. ಆದರೂ ಇಷ್ಟು ಬೇಗ ಬೆಲೆ ಇಳಿಸಿದ ಶ್ರೇಯ ಸಗಟು ಖರೀದಿಗೇ ಸಲ್ಲಬೇಕು. ಈ ಬಲ್ಬುಗಳನ್ನು ಮನೆಗಳಿಗೆ ಹಂಚಲು 2015ರ ಜನವರಿ 5ರಂದು ಆರಂಭವಾದ ಯೋಜನೆಗೆ ಮುಂದೆ ಉಜಾಲಾ ಎಂಬ ಹೆಸರು ಬಂತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’. ಏಳು ವರ್ಷಗಳಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ವಿತರಣೆಯಾದವು. ವರ್ಷಕ್ಕೆ 4,700 ಕೋಟಿ ಯೂನಿಟ್ ಉಳಿತಾಯ ಎಂಬ ಸರ್ಕಾರದ ಲೆಕ್ಕ ಮನೆಮನೆಯ ಮೀಟರ್ ಓದಿ ಬಂದದ್ದಲ್ಲ, ಅಂದಾಜು.

ಹಿಂದಿನ ಸಿಎಫ್‌ಎಲ್ ದೀಪದಲ್ಲಿದ್ದ ಪಾದರಸ ಎಲ್‌ಇಡಿಯಲ್ಲಿಲ್ಲ. ಅದು ನಿಜವಾದ ಲಾಭ. ಬಾಳಿಕೆಯ ಮಾತು ಬೇರೆ. ಪೊಟ್ಟಣದ ಮೇಲೆ 25,000 ಗಂಟೆ ಎಂದಿದ್ದರೂ, ವೋಲ್ಟೇಜ್ ಏರಿಳಿತಕ್ಕೋ ಮುಚ್ಚಿದ ಹೋಲ್ಡರಿನ ಬಿಸಿಗೋ ಚಿಪ್‌ಗಳಿಗೆ ತಕ್ಕ ವಿದ್ಯುತ್ ಒದಗಿಸುವ ಒಳಗಿನ ಡ್ರೈವರ್ ಮೊದಲೇ ಕೆಡಬಹುದು. ಚಿಪ್‌ಗಳನ್ನು ಸಾಲಾಗಿ ಜೋಡಿಸಿದ ಬಲ್ಬಿನಲ್ಲಿ ಒಂದು ಸುಟ್ಟರೂ ಎಲ್ಲ ಆರುತ್ತವೆ. ಸುಟ್ಟದ್ದರ ಮೇಲೆ ಕಪ್ಪು ಚುಕ್ಕೆ ಬಿದ್ದಿರುತ್ತದೆ. ರಿಪೇರಿಯವರು ಅದನ್ನು ಕಿತ್ತು ಬೆಸುಗೆ ಹಾಕಿ ಮತ್ತೆ ಉರಿಸುತ್ತಾರೆ. ಪ್ಲಾಸ್ಟಿಕ್, ಅಲ್ಯೂಮಿನಿಯಂಗಳನ್ನು ಅಂಟಿಸಿಬಿಟ್ಟ ಬಲ್ಬಿಗೆ ಆ ಭಾಗ್ಯವಿಲ್ಲ, ನೇರ ಕಸಕ್ಕೆ. 2018ರಿಂದ ಕಡ್ಡಾಯವಾದ ಸ್ಟಾರ್ ಗುರುತು ವ್ಯಾಟಿಗೆ ಎಷ್ಟು ಬೆಳಕು ಎಂಬುದನ್ನು ತಿಳಿಸುತ್ತದೆ. ಡ್ರೈವರ್ ಬದಲಿಸಲು ಬರುತ್ತದೆಯೇ ಎಂಬುದೂ ಪೊಟ್ಟಣದ ಮೇಲೆ ಇರಬೇಕು.