ಕೋತಿ (ಬಾನೆಟ್ ಮಕಾಕ್)

ದಕ್ಷಿಣ ಭಾರತದಲ್ಲಷ್ಟೇ ನೆಲೆಸಿರುವ ವಾನರ. ವೈಜ್ಞಾನಿಕ ನಾಮ ಮಕಾಕಾ ರೇಡಿಯೇಟಾ. ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ ಕಡೆಯ ಆಡುಮಾತಿನಲ್ಲಿ ಮಂಗ್ಯಾ. ನೆತ್ತಿಯಿಂದ ಸುತ್ತಲೂ ಹರಡಿದ ಕೂದಲು ಟೊಪ್ಪಿಗೆಯಂತೆ ಕಾಣುತ್ತದೆ. ಕಪ್ಪು ಮೋರೆಯ ಮುಸುವ ಬೇರೆಯೇ ಜಾತಿ.

ಅಮೆರಿಕದ ನಗರಗಳಲ್ಲಿ ರಕೂನ್ ಎಂಬ ಪ್ರಾಣಿ ಕಸದ ತೊಟ್ಟಿಗಳನ್ನು ನಂಬಿ ಬದುಕಲು ಕಲಿತಿದೆ. ನಮ್ಮಲ್ಲಿ ಕೋತಿ ಗುಡಿ, ಸಂತೆ, ಬಸ್ ನಿಲ್ದಾಣಗಳಿಗೆ ಒಗ್ಗಿಕೊಂಡಿದೆ. ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಹತ್ತಿರದಿಂದ ನೋಡಲು ಗಂಗಾವತಿ ತಾಲ್ಲೂಕಿನ ಅಂಜನಾದ್ರಿಗೆ ಹೋಗಬೇಕು. ಹನುಮನ ಜನ್ಮಸ್ಥಳವೆಂದು ನಂಬಿ 575 ಮೆಟ್ಟಿಲು ಹತ್ತುವ ಭಕ್ತರ ಕೈಯಲ್ಲಿನ ಬಾಳೆಹಣ್ಣು, ಕೊಬ್ಬರಿಯ ಮೇಲೆ ಇವುಗಳ ಕಣ್ಣು. ಸಿಕ್ಕಿದ್ದನ್ನು ಅಗಿಯದೆ ಕೆನ್ನೆಚೀಲಕ್ಕೆ ತುರುಕಿ, ಬಂಡೆ ಏರಿ ಕುಳಿತು, ಕೈಯಿಂದ ಕೆನ್ನೆ ಒತ್ತಿ ಒತ್ತಿ ಬಾಯಿಗೆ ತಂದುಕೊಳ್ಳುತ್ತವೆ. ಬಂಡೀಪುರದ ಕೋತಿಗಳು ಕೈ ಚಾಚಿ, ‘ಕೂ’ ಎಂದು ದನಿ ತೆಗೆದು ಜನರಲ್ಲಿ ತಿಂಡಿ ಕೇಳುವುದನ್ನು ಸಂಶೋಧಕ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಈ ಜಾಣ್ಮೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು.

ಊರೊಳಗೆ ಹಿಂಡುಹಿಂಡಾಗಿ ಕಂಡರೂ ಒಟ್ಟು ಸಂತತಿ ಕುಗ್ಗುತ್ತಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಳಿವಿನ ಅಪಾಯವಿರುವ ಪ್ರಾಣಿಗಳ ಸಾಲಿಗೆ ಸೇರಿಸಿದೆ. ಕೈಯಾರೆ ತಿನ್ನಿಸುವ ರೂಢಿಯಿಂದ ಅಂಜಿಕೆ ಅಳಿದು, ಕಸಿಯುವ, ಕಚ್ಚುವ ಪ್ರಸಂಗ ಹೆಚ್ಚುತ್ತವೆ. ಬೆಟ್ಟಕ್ಕೆ ಹೋಗುವವರು ಅವುಗಳಿಗೆ ತಿಂಡಿ ಕೊಡದಿರುವುದೇ ಲೇಸು.