ಇಸ್ರೇಲ್–ಪ್ಯಾಲೆಸ್ಟೀನ್ ಸಂಘರ್ಷ: ಹಿನ್ನೆಲೆ ಮತ್ತು ಸಾವುನೋವು

ಮೆಡಿಟರೇನಿಯನ್ ಸಮುದ್ರಕ್ಕೂ ಜೋರ್ಡನ್ ನದಿಗೂ ನಡುವೆ ಇರುವ ನೆಲದ ಹಕ್ಕಿಗಾಗಿ ಯೆಹೂದಿಗಳು ಮತ್ತು ಪ್ಯಾಲೆಸ್ಟೀನಿ ಅರಬ್ಬರ ನಡುವೆ ನೂರು ವರ್ಷಕ್ಕೂ ಮೀರಿ ನಡೆದುಬಂದಿರುವ ಹೋರಾಟವಿದು. ಇದನ್ನು ಎರಡು ಧರ್ಮಗಳ ಪುರಾತನ ವೈರವೆಂದು ಬಣ್ಣಿಸುವ ರೂಢಿಯಿದೆ. ಅದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಳ್ಳತೊಡಗಿದ ಎರಡು ರಾಷ್ಟ್ರೀಯತೆಗಳು ಒಂದೇ ನೆಲವನ್ನು ತಾಯ್ನಾಡೆಂದು ಕರೆದವು. ಹೊರಗಿನ ಸಾಮ್ರಾಜ್ಯವೊಂದು ಇಬ್ಬರಿಗೂ ಮಾತು ಕೊಟ್ಟಿತು. ಸಂಘರ್ಷದ ಬೇರು ಅಲ್ಲಿದೆ.

ಹಿನ್ನೆಲೆ

1517ರಿಂದ ನಾಲ್ಕು ಶತಮಾನ ಈ ಪ್ರದೇಶ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಜನರಲ್ಲಿ ಬಹುಪಾಲು ಅರಬ್ ಮುಸ್ಲಿಮರು. ಜೊತೆಗೆ ಅರಬ್ ಕ್ರೈಸ್ತರು. ಜೆರುಸಲೇಮ್, ಹೆಬ್ರಾನ್, ಸಫೇದ್, ತಿಬೇರಿಯಸ್ ಪಟ್ಟಣಗಳಲ್ಲಿ ಸಣ್ಣ ಯೆಹೂದಿ ಸಮುದಾಯಗಳು ತಲೆತಲಾಂತರದಿಂದ ಬಾಳಿಕೊಂಡು ಬಂದಿದ್ದವು.

1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯೆಹೂದಿಗಳ ಮೇಲೆ ಸಾಮೂಹಿಕ ದಾಳಿಗಳು ನಡೆದವು. ಯುರೋಪಿನಲ್ಲಿ ತಮಗೆ ಸುರಕ್ಷಿತ ಬದುಕಿಲ್ಲ ಎಂಬ ಅರಿವಿನಿಂದ, ಪ್ಯಾಲೆಸ್ಟೀನ್‌ನಲ್ಲಿ ಯೆಹೂದಿ ತಾಯ್ನಾಡು ಬಯಸಿದ ಜಿಯೋನಿಸ್ಟ್ ಚಳವಳಿ ಬೆಳೆಯಿತು. 1897ರಲ್ಲಿ ಥಿಯೋಡೋರ್ ಹರ್ಜ್ಲ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದರ ಮೊದಲ ಅಧಿವೇಶನ ನಡೆಸಿದರು. ಪ್ಯಾಲೆಸ್ಟೀನ್‌ಗೆ ಬಂದ ಯೆಹೂದಿ ವಲಸಿಗರು ಜಮೀನು ಕೊಂಡು ನೆಲೆ ನಿಂತರು. ಎಷ್ಟೋ ಕಡೆ ಆ ಜಮೀನಿನ ಮಾಲೀಕರು ದೂರದ ನಗರಗಳಲ್ಲಿದ್ದರು. ಮಾರಾಟವಾದಾಗ ಒಕ್ಕಲೆದ್ದವರು ಅದನ್ನು ಉಳುತ್ತಿದ್ದ ಅರಬ್ ಗೇಣಿದಾರರು.

ಬ್ರಿಟಿಷ್ ಆಡಳಿತ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮೂರು ಮಾತು ಕೊಟ್ಟಿತು. ತುರ್ಕರ ವಿರುದ್ಧ ಬಂಡೆದ್ದರೆ ಅರಬ್ಬರಿಗೆ ಸ್ವಾತಂತ್ರ್ಯವೆಂದು 1915–16ರಲ್ಲಿ ಮೆಕ್ಕಾದ ಷರೀಫ್ ಹುಸೇನ್‌ಗೆ ಪತ್ರ ಬರೆಯಿತು. 1916ರಲ್ಲಿ ಅರಬ್ ನೆಲವನ್ನು ಹಂಚಿಕೊಳ್ಳಲು ಫ್ರಾನ್ಸ್ ಜೊತೆ ಸೈಕ್ಸ್–ಪಿಕೊ ರಹಸ್ಯ ಒಪ್ಪಂದ ಮಾಡಿಕೊಂಡಿತು. 1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲಿ ಪ್ಯಾಲೆಸ್ಟೀನ್‌ನಲ್ಲಿ ಯೆಹೂದಿ ಜನತೆಗೆ ರಾಷ್ಟ್ರೀಯ ನೆಲೆಯ ಭರವಸೆ ನೀಡಿತು. ಈ ಘೋಷಣೆ ಅಲ್ಲಿನ ಬಹುಸಂಖ್ಯಾತ ಅರಬ್ಬರನ್ನು ಹೆಸರಿಸದೆ ಯೆಹೂದ್ಯೇತರ ಸಮುದಾಯಗಳೆಂದಷ್ಟೇ ಕರೆದು, ಅವರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳನ್ನು ಮಾತ್ರ ಪ್ರಸ್ತಾಪಿಸಿತು; ರಾಜಕೀಯ ಹಕ್ಕಿನ ಸೊಲ್ಲೆತ್ತಲಿಲ್ಲ.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಒಟ್ಟೊಮನ್ ಸೇನೆಯಿಂದ ಗೆದ್ದ ಬ್ರಿಟಿಷ್ ಪಡೆಯ ಅಶ್ವದಳಗಳಲ್ಲಿ ಜೋಧಪುರದ ದಳದೊಂದಿಗೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳವೂ ಇತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ.

1922ರಲ್ಲಿ ರಾಷ್ಟ್ರಸಂಘ ಪ್ಯಾಲೆಸ್ಟೀನ್‌ನ ಆಡಳಿತವನ್ನು ಬ್ರಿಟನ್‌ಗೆ ಒಪ್ಪಿಸಿತು. ಆಗಿನ ಜನಗಣತಿಯಲ್ಲಿ ಸುಮಾರು ಶೇ. 11ರಷ್ಟಿದ್ದ ಯೆಹೂದಿಗಳು, ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ವಲಸೆ ಏರಿ, 1947ರ ಹೊತ್ತಿಗೆ ಮೂರನೆಯ ಒಂದು ಭಾಗದಷ್ಟಾದರು. 1929ರ ಗಲಭೆಗಳಲ್ಲಿ 133 ಯೆಹೂದಿಗಳು, 116 ಅರಬ್ಬರು ಸತ್ತರು. ಹೆಬ್ರಾನ್ ಒಂದರಲ್ಲೇ 67 ಯೆಹೂದಿಗಳ ಕೊಲೆಯಾಯಿತು. ಅಲ್ಲಿ ಉಳಿದವರಲ್ಲಿ ಅನೇಕರು ಅರಬ್ ನೆರೆಹೊರೆಯವರ ಮನೆಗಳಲ್ಲಿ ಅಡಗಿ ಜೀವ ಉಳಿಸಿಕೊಂಡರು. 1936–39ರ ಅರಬ್ ದಂಗೆಯನ್ನು ಬ್ರಿಟಿಷರು ಹತ್ತಿಕ್ಕಿದಾಗ ಸಾವಿರಾರು ಅರಬ್ಬರು ಮಡಿದರು. 1939ರಲ್ಲಿ ಬ್ರಿಟನ್ ಐದು ವರ್ಷಕ್ಕೆ 75,000 ಮಂದಿ ಎಂದು ಯೆಹೂದಿ ವಲಸೆಗೆ ಮಿತಿ ಹಾಕಿತು. ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ನಾಜಿಗಳು 60 ಲಕ್ಷ ಯೆಹೂದಿಗಳನ್ನು ಕೊಂದರು. ಬದುಕುಳಿದವರಿಗೆ ಹೋಗಲು ಊರಿರಲಿಲ್ಲ.

1948: ರಾಜ್ಯ ಮತ್ತು ನಿರಾಶ್ರಿತರು

1947ರ ನವೆಂಬರ್ 29ರಂದು ವಿಶ್ವಸಂಸ್ಥೆ ವಿಭಜನೆಯ 181ನೆಯ ನಿರ್ಣಯವನ್ನು 33–13 ಮತಗಳಿಂದ ಅಂಗೀಕರಿಸಿತು. ಅರ್ಧಕ್ಕಿಂತ ಹೆಚ್ಚು ಭೂಮಿ ಯೆಹೂದಿ ರಾಜ್ಯಕ್ಕೆ, ಜೆರುಸಲೇಮ್ ಅಂತರರಾಷ್ಟ್ರೀಯ ಆಡಳಿತಕ್ಕೆ ಎಂಬುದು ಅದರ ತಿರುಳು. ಯೆಹೂದಿ ನಾಯಕರು ಒಪ್ಪಿದರು. ಬಹುಸಂಖ್ಯಾತರಾದ ತಮ್ಮನ್ನು ಕೇಳದೆ ನಾಡು ಒಡೆಯುವುದು ಅನ್ಯಾಯವೆಂದು ಅರಬ್ಬರು ತಿರಸ್ಕರಿಸಿದರು. ಮರುದಿನದಿಂದಲೇ ಕಾಳಗ ಮೊದಲಾಯಿತು. 1948ರ ಏಪ್ರಿಲ್ 9ರಂದು ಯೆಹೂದಿ ಸಶಸ್ತ್ರ ಗುಂಪುಗಳು ದೇರ್ ಯಾಸಿನ್ ಗ್ರಾಮದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದವು. ನಾಲ್ಕು ದಿನಗಳ ನಂತರ ಹದಾಸಾ ಆಸ್ಪತ್ರೆಗೆ ಹೊರಟಿದ್ದ ವಾಹನಗಳ ಮೇಲೆ ಅರಬ್ ಪಡೆಗಳು ದಾಳಿ ಮಾಡಿದಾಗ ವೈದ್ಯರು, ದಾದಿಯರು ಸೇರಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು.

ಮೇ 14ರಂದು ಡೇವಿಡ್ ಬೆನ್ ಗುರಿಯನ್ ಇಸ್ರೇಲ್ ಸ್ಥಾಪನೆಯನ್ನು ಘೋಷಿಸಿದರು. ಮರುದಿನ ನೆರೆಯ ಅರಬ್ ರಾಷ್ಟ್ರಗಳ ಸೇನೆಗಳು ನುಗ್ಗಿದವು. 1949ರ ಕದನ ವಿರಾಮದ ವೇಳೆಗೆ ಇಸ್ರೇಲ್ ಕೈಯಲ್ಲಿ ಪ್ಯಾಲೆಸ್ಟೀನ್‌ನ ಶೇ. 78ರಷ್ಟು ನೆಲವಿತ್ತು. ಪಶ್ಚಿಮ ದಂಡೆ ಜೋರ್ಡನ್‌ಗೆ, ಗಾಜಾ ಪಟ್ಟಿ ಈಜಿಪ್ಟ್ ಆಡಳಿತಕ್ಕೆ ಹೋಯಿತು. ಸುಮಾರು 6,000 ಇಸ್ರೇಲಿಗಳು, ಎಂದರೆ ಆಗಿನ ಜನಸಂಖ್ಯೆಯ ಶೇ. 1ರಷ್ಟು ಜನ, ಸತ್ತಿದ್ದರು. ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಓಡಿಹೋಗಿದ್ದರು, ಇಲ್ಲವೇ ಅವರನ್ನು ಹೊರಹಾಕಲಾಗಿತ್ತು. ಲಿದ್ದಾ, ರಾಮ್ಲೆ ಪಟ್ಟಣಗಳ ಜನ ಜುಲೈ ಬಿಸಿಲಿನಲ್ಲಿ ಕಾಲ್ನಡಿಗೆಯಲ್ಲಿ ಊರು ಬಿಟ್ಟರು. 400ಕ್ಕೂ ಹೆಚ್ಚು ಗ್ರಾಮಗಳು ಬರಿದಾದವು. ಪ್ಯಾಲೆಸ್ಟೀನಿಯರು ಇದನ್ನು ನಕ್ಬಾ, ಅಂದರೆ ಮಹಾದುರಂತ, ಎಂದು ಪ್ರತಿವರ್ಷ ಮೇ 15ರಂದು ನೆನೆಯುತ್ತಾರೆ. ಮುಂದಿನ ದಶಕಗಳಲ್ಲಿ ಇರಾಕ್, ಯೆಮನ್, ಈಜಿಪ್ಟ್, ಮೊರಾಕ್ಕೊ ಮೊದಲಾದ ದೇಶಗಳಿಂದ ಸುಮಾರು ಎಂಟು ಲಕ್ಷ ಯೆಹೂದಿಗಳು ಹೊರಬಿದ್ದರು. ಕಿರುಕುಳಕ್ಕೆ ಬೆದರಿ ಮನೆಮಾರು ಬಿಟ್ಟು ಬಂದವರು ಅವರಲ್ಲಿ ಬಹಳ.

ಪ್ಯಾಲೆಸ್ಟೀನಿ ನಿರಾಶ್ರಿತರು ಮರಳಬಹುದು ಎಂದ ವಿಶ್ವಸಂಸ್ಥೆಯ 194ನೆಯ ನಿರ್ಣಯ ಜಾರಿಯಾಗಲಿಲ್ಲ. ಆ ನಿರಾಶ್ರಿತರು ಮತ್ತು ಅವರ ಸಂತತಿಯವರು ಇಂದು ವಿಶ್ವಸಂಸ್ಥೆಯ ನೆರವು ಸಂಸ್ಥೆಯ ದಾಖಲೆಯಲ್ಲಿ ಸುಮಾರು 59 ಲಕ್ಷ. ಗಾಜಾದ ಜನರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಇಂಥ ಕುಟುಂಬದವರೇ.

1967 ಮತ್ತು ಆಕ್ರಮಣ

1967ರ ಜೂನ್ 5ರಿಂದ 10ರವರೆಗಿನ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಜಾ, ಸಿನಾಯ್ ಮತ್ತು ಗೋಲನ್ ಪ್ರದೇಶಗಳನ್ನು ವಶಪಡಿಸಿಕೊಂಡಿತು. ಸುಮಾರು ಮೂರು ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. ಅವರಲ್ಲಿ ಹಲವರಿಗೆ ಇದು ಎರಡನೆಯ ವಲಸೆ. ಆಕ್ರಮಿತ ನೆಲದಲ್ಲಿ ಇಸ್ರೇಲ್ ತನ್ನ ಪ್ರಜೆಗಳಿಗೆ ವಸಾಹತುಗಳನ್ನು ಕಟ್ಟತೊಡಗಿತು. ಈಗ ಪಶ್ಚಿಮ ದಂಡೆಯಲ್ಲಿ ಐದು ಲಕ್ಷಕ್ಕೂ, ಪೂರ್ವ ಜೆರುಸಲೇಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಸಾಹತುಗಾರರಿದ್ದಾರೆ. ಆಕ್ರಮಿತ ಪ್ಯಾಲೆಸ್ಟೀನಿ ನೆಲದಲ್ಲಿ ಇಸ್ರೇಲ್ ಮುಂದುವರಿದಿರುವುದು ಕಾನೂನುಬಾಹಿರವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈನಲ್ಲಿ ಅಭಿಪ್ರಾಯಪಟ್ಟಿತು. ಇಸ್ರೇಲ್ ಅದನ್ನು ತಳ್ಳಿಹಾಕಿದೆ.

1964ರಲ್ಲಿ ಹುಟ್ಟಿದ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗೆ 1969ರಿಂದ ಯಾಸರ್ ಅರಾಫತ್ ನಾಯಕರಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪ್ಯಾಲೆಸ್ಟೀನಿ ಉಗ್ರರು ಇಸ್ರೇಲ್ ತಂಡದ 11 ಮಂದಿಯನ್ನು ಕೊಂದರು. 1982ರಲ್ಲಿ ಇಸ್ರೇಲ್ ಲೆಬನಾನಿಗೆ ನುಗ್ಗಿದ್ದಾಗ, ಬೈರೂತ್‌ನ ಸಬ್ರಾ ಮತ್ತು ಶತೀಲಾದಲ್ಲಿ, ಸುತ್ತ ಇಸ್ರೇಲಿ ಸೇನೆ ಇರುವಂತೆಯೇ, ಲೆಬನಾನಿನ ಕ್ರೈಸ್ತ ಸಶಸ್ತ್ರ ಗುಂಪು ನೂರಾರು ಪ್ಯಾಲೆಸ್ಟೀನಿ ನಿರಾಶ್ರಿತರನ್ನು ಕಗ್ಗೊಲೆ ಮಾಡಿತು. 1987ರ ಡಿಸೆಂಬರ್‌ನಲ್ಲಿ ಗಾಜಾದಿಂದ ಮೊದಲ ಇಂತಿಫಾದಾ ದಂಗೆ ಆರಂಭವಾಯಿತು. ಪ್ಯಾಲೆಸ್ಟೀನಿ ಇಸ್ಲಾಮಿ ಸಂಘಟನೆ ಹಮಾಸ್ ಸ್ಥಾಪನೆಯಾದದ್ದೂ ಆಗಲೇ.

ಒಸ್ಲೊ ಮತ್ತು ಅದರ ಕುಸಿತ

1993ರ ಸೆಪ್ಟೆಂಬರ್ 13ರಂದು ಅರಾಫತ್ ಮತ್ತು ಇಸ್ರೇಲ್ ಪ್ರಧಾನಿ ಇಜಾಕ್ ರಬಿನ್ ವಾಷಿಂಗ್ಟನ್‌ನಲ್ಲಿ ಕೈಕುಲುಕಿದರು. ಒಸ್ಲೊ ಒಪ್ಪಂದ ಪ್ಯಾಲೆಸ್ಟೀನಿಯರಿಗೆ ಸೀಮಿತ ಸ್ವಯಮಾಡಳಿತ ಕೊಟ್ಟಿತು. ಗಡಿ, ಜೆರುಸಲೇಮ್, ವಸಾಹತು, ನಿರಾಶ್ರಿತರು ಎಂಬ ಕಠಿಣ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿತು. ಈ ಬಿಡುವನ್ನು ಎರಡೂ ಕಡೆಯ ತೀವ್ರವಾದಿಗಳು ಬಳಸಿಕೊಂಡರು. 1994ರ ಫೆಬ್ರವರಿಯಲ್ಲಿ ಹೆಬ್ರಾನ್ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಮಂದಿಯನ್ನು ವಸಾಹತುಗಾರನೊಬ್ಬ ಗುಂಡಿಟ್ಟು ಕೊಂದ. ಹಮಾಸ್‌ನ ಆತ್ಮಾಹುತಿ ಬಾಂಬುಗಳು ಇಸ್ರೇಲಿನ ಬಸ್ಸುಗಳಲ್ಲಿ ಸಿಡಿದವು. 1995ರ ನವೆಂಬರ್ 4ರಂದು ಯೆಹೂದಿ ಉಗ್ರವಾದಿಯೊಬ್ಬ ರಬಿನ್‌ರನ್ನೇ ಹತ್ಯೆ ಮಾಡಿದ. 2000ದಲ್ಲಿ ಕ್ಯಾಂಪ್ ಡೇವಿಡ್ ಮಾತುಕತೆ ಮುರಿದುಬಿತ್ತು. ಆನಂತರದ ಎರಡನೆಯ ಇಂತಿಫಾದಾದಲ್ಲಿ ಸುಮಾರು 3,000 ಪ್ಯಾಲೆಸ್ಟೀನಿಯರು, 1,000 ಇಸ್ರೇಲಿಗಳು ಸತ್ತರು.

ಗಾಜಾ

2005ರಲ್ಲಿ ಇಸ್ರೇಲ್ ಗಾಜಾದಿಂದ ಸೇನೆಯನ್ನೂ ವಸಾಹತುಗಾರರನ್ನೂ ಹಿಂತೆಗೆಯಿತು. ಮರುವರ್ಷ ಚುನಾವಣೆ ಗೆದ್ದ ಹಮಾಸ್ 2007ರಲ್ಲಿ ಬಲಪ್ರಯೋಗದಿಂದ ಗಾಜಾವನ್ನು ಪೂರ್ತಿ ಕೈಗೆ ತೆಗೆದುಕೊಂಡಿತು. ಇಸ್ರೇಲ್ ಮತ್ತು ಈಜಿಪ್ಟ್ ದಿಗ್ಬಂಧನ ಬಿಗಿಗೊಳಿಸಿದವು. 365 ಚದರ ಕಿ.ಮೀ. ಪಟ್ಟಿಯಲ್ಲಿ ಸಿಕ್ಕಿಕೊಂಡ ಜನರ ಸಂಖ್ಯೆ ಮುಂದೆ ಇಪ್ಪತ್ತು ಲಕ್ಷ ಮೀರಿತು. 2014ರ ಯುದ್ಧದಲ್ಲಿ 2,200ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು, ಇಸ್ರೇಲ್ ಕಡೆ 73 ಮಂದಿ ಸತ್ತರು.

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಇತರ ಗುಂಪುಗಳು ದಕ್ಷಿಣ ಇಸ್ರೇಲಿಗೆ ನುಗ್ಗಿ ಸುಮಾರು 1,200 ಮಂದಿಯನ್ನು ಕೊಂದು, ಸುಮಾರು 250 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದವು. ಸತ್ತವರಲ್ಲಿ ಬಹುಪಾಲು ನಾಗರಿಕರು. ಬೆಏರಿ ಕಿಬುಟ್ಸ್ ಗ್ರಾಮದಲ್ಲಿ ಹತರಾದ ವಿವಿಯನ್ ಸಿಲ್ವರ್ ದಶಕಗಳ ಕಾಲ ಎರಡೂ ಜನತೆಯ ಶಾಂತಿಗಾಗಿ ದುಡಿದವರು. ಇಸ್ರೇಲಿನ ಪ್ರತಿದಾಳಿಯಲ್ಲಿ, ಗಾಜಾದ ಆರೋಗ್ಯ ಸಚಿವಾಲಯದ ಪ್ರಕಾರ, 2025ರ ಅಕ್ಟೋಬರ್ ಹೊತ್ತಿಗೆ 67,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತಿದ್ದರು. ಆ ಲೆಕ್ಕ ನಾಗರಿಕರನ್ನೂ ಹೋರಾಟಗಾರರನ್ನೂ ಬೇರ್ಪಡಿಸುವುದಿಲ್ಲ. ಆದರೆ ಅದರಲ್ಲಿ ಮಹಿಳೆಯರು, ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿದ್ದಾರೆ. ಕವಿ, ಇಂಗ್ಲಿಷ್ ಅಧ್ಯಾಪಕ ರೆಫಾತ್ ಅಲರೀರ್ 2023ರ ಡಿಸೆಂಬರ್‌ನಲ್ಲಿ ವಾಯುದಾಳಿಗೆ ಬಲಿಯಾದರು. ಗಾಜಾದ ಹತ್ತರಲ್ಲಿ ಒಂಬತ್ತು ಜನ ಮನೆ ತೊರೆಯಬೇಕಾಯಿತು. 2025ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಬೆಂಬಲವಿರುವ ತಜ್ಞ ಸಂಸ್ಥೆ ಗಾಜಾ ನಗರ ಪ್ರದೇಶದಲ್ಲಿ ಕ್ಷಾಮವನ್ನು ದೃಢಪಡಿಸಿತು. ನರಮೇಧದ ಆರೋಪದಡಿ ದಕ್ಷಿಣ ಆಫ್ರಿಕಾ ಹೂಡಿದ ದಾವೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಸ್ರೇಲ್ ಆರೋಪವನ್ನು ನಿರಾಕರಿಸುತ್ತದೆ. 2025ರ ಅಕ್ಟೋಬರ್ 10ರಂದು ಕದನ ವಿರಾಮ ಜಾರಿಗೆ ಬಂದು, ಬದುಕುಳಿದಿದ್ದ 20 ಒತ್ತೆಯಾಳುಗಳು ಮನೆಗೆ ಮರಳಿದರು. ಗಾಜಾದಲ್ಲಿ ಸಾವುಗಳು ಆನಂತರವೂ ಸಂಭವಿಸಿದವು.

ಭಾರತದ ನಿಲುವು

ಭಾರತ 1947ರಲ್ಲಿ ವಿಭಜನೆಯ ವಿರುದ್ಧ ಮತ ಹಾಕಿತು. 1988ರಲ್ಲಿ ಪ್ಯಾಲೆಸ್ಟೀನ್ ರಾಜ್ಯಕ್ಕೆ ಮಾನ್ಯತೆ ಕೊಟ್ಟಿತು, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಸ್ಥಾಪಿಸಿತು. ಎರಡು ರಾಷ್ಟ್ರಗಳ ಪರಿಹಾರ ಅದರ ಅಧಿಕೃತ ನೀತಿ.

ಮೌಲ್ಯಮಾಪನ

ಯೆಹೂದಿಗಳ ಭಯಕ್ಕೆ ಯುರೋಪಿನ ನರಮೇಧದ ಆಧಾರವಿದೆ. ಪ್ಯಾಲೆಸ್ಟೀನಿಯರ ಆಕ್ರೋಶಕ್ಕೆ ಕಳೆದುಕೊಂಡ ಊರುಗಳ ಆಧಾರವಿದೆ. ಒಂದನ್ನು ಒಪ್ಪಲು ಇನ್ನೊಂದನ್ನು ಅಲ್ಲಗಳೆಯಬೇಕಿಲ್ಲ. 1995ರಿಂದ ಕೆಲಸ ಮಾಡುತ್ತಿರುವ ಪೇರೆಂಟ್ಸ್ ಸರ್ಕಲ್ ಸಂಘಟನೆಯಲ್ಲಿ ತಮ್ಮವರನ್ನು ಕಳೆದುಕೊಂಡ ಎರಡೂ ಕಡೆಯ ಕುಟುಂಬಗಳು ಒಟ್ಟಿಗೆ ಕೂರುತ್ತವೆ. 1997ರ ಆತ್ಮಾಹುತಿ ದಾಳಿಯಲ್ಲಿ ಮಗಳನ್ನು ಕಳೆದುಕೊಂಡ ಇಸ್ರೇಲಿ ರಾಮಿ ಎಲ್ಹಾನನ್ ಮತ್ತು 2007ರಲ್ಲಿ ಇಸ್ರೇಲಿ ಗಡಿ ಪೊಲೀಸರ ಗುಂಡಿಗೆ ಹತ್ತು ವರ್ಷದ ಮಗಳನ್ನು ಕಳೆದುಕೊಂಡ ಪ್ಯಾಲೆಸ್ಟೀನಿ ಬಸ್ಸಾಂ ಅರಾಮಿನ್ ಜೊತೆಯಾಗಿ ಊರೂರಿಗೆ ಹೋಗಿ ಸೇಡು ಬೇಡವೆಂದು ಹೇಳುತ್ತಾರೆ. ಅಂಥವರು ಮಾಡಬಲ್ಲದ್ದನ್ನು ಸರ್ಕಾರಗಳು ಮಾಡಿಲ್ಲ. ಗಡಿ, ಜೆರುಸಲೇಮ್, ವಸಾಹತು, ನಿರಾಶ್ರಿತರು: 1993ರಲ್ಲಿ ಮುಂದೂಡಿದ ಈ ನಾಲ್ಕೂ ಪ್ರಶ್ನೆಗಳು ಇಂದಿಗೂ ಹಾಗೆಯೇ ಇವೆ. ಇಬ್ಬರಿಗೂ ಸಮಾನ ಸುರಕ್ಷತೆ ಮತ್ತು ಸಮಾನ ಹಕ್ಕು ಕೊಡುವ ಉತ್ತರ ಸಿಗುವವರೆಗೆ ಯಾವ ಕದನ ವಿರಾಮವೂ ಶಾಂತಿಯಾಗಲಾರದು.