ಹಳೇ ಕಟಾವು ಮಷಿನ್‌ಗೆ ಹೊಸ ರೂಪ: ಕೈ ಹಾಕುವ ಮೊದಲು ತಿಳಿದಿರಬೇಕಾದದ್ದು

ಭತ್ತದ ಕೊಯ್ಲು ಶುರುವಾಯಿತೆಂದರೆ ವೆಲ್ಡಿಂಗ್ ಅಂಗಡಿಗೂ ಬಿಡಿಭಾಗದ ಅಂಗಡಿಗೂ ಬಿಡುವಿರಲ್ಲ. ಒಬ್ಬರಿಗೆ ಡ್ರಮ್ಮಿನ ಹಲ್ಲು ಬದಲಾಗಬೇಕು, ಇನ್ನೊಬ್ಬರಿಗೆ ಪುಲ್ಲಿ. ‘ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿಕೊಡಿ ಅಣ್ಣಾ’ ಅನ್ನುವವರೇ ಹೆಚ್ಚು. ಹಳೇ ಮಷಿನ್ ಬದಲಾಯಿಸುವುದು ತಪ್ಪಲ್ಲ. ಆದರೆ ಅಳತೆಯಿಲ್ಲದೆ ಮಾಡಿದರೆ ಕಾಳೂ ಹೋಗುತ್ತದೆ, ಕೈಯೂ ಹೋಗಬಹುದು.

ಹುಟ್ಟಿದ್ದೇ ಹೀಗೆ

ಕೊಯ್ಯುವುದು, ಒಕ್ಕುವುದು, ತೂರುವುದು ಮೂರನ್ನೂ ಒಟ್ಟಿಗೆ ಮಾಡುವುದೇ ಕಂಬೈನ್ ಹಾರ್ವೆಸ್ಟರ್. ಅಮೆರಿಕದ ಮಿಷಿಗನ್‌ನಲ್ಲಿ ಹೈರಮ್ ಮೂರ್ ಮತ್ತು ಜಾನ್ ಹ್ಯಾಸ್ಕಲ್ 1836ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದನ್ನು ಎಳೆಯುತ್ತಿದ್ದದ್ದು ಕುದುರೆಗಳು. ಆಸ್ಟ್ರೇಲಿಯಾದ ರೈತನ ಮಗ ಹ್ಯೂ ವಿಕ್ಟರ್ ಮೆಕೇ 1884ರಲ್ಲಿ, ಇನ್ನೂ 20 ತುಂಬುವ ಮೊದಲೇ, ಹೊಲದ ಕುಲುಮೆಯಲ್ಲಿ ಹಳೇ ಕೃಷಿ ಯಂತ್ರಗಳ ಬಿಡಿಭಾಗ ಜೋಡಿಸಿ ಮಾದರಿ ಯಂತ್ರ ಮಾಡಿದ. ಅದೇ ಮುಂದೆ ‘ಸನ್‌ಶೈನ್’ ಹಾರ್ವೆಸ್ಟರ್ ಆಯಿತು. ಕಾರ್ಖಾನೆ ಇದ್ದ ಊರಿಗೂ 1907ರಲ್ಲಿ ಅದೇ ಹೆಸರು ಬಂತು.

ದೊಡ್ಡ ಕಂಪನಿಗಳೂ ಆತುರ ಪಡಲಿಲ್ಲ. ಒಕ್ಕುವ ಡ್ರಮ್ ಅಡ್ಡಲಾಗಿರುವ ಬದಲು ಮುಂದಿನಿಂದ ಹಿಂದಕ್ಕೆ ಉದ್ದವಾಗಿರಲಿ ಎಂಬ ಯೋಚನೆಯ ಮೇಲೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ವರ್ಷಗಟ್ಟಲೆ ಪ್ರಾಯೋಗಿಕ ಯಂತ್ರಗಳನ್ನು ಹೊಲಕ್ಕಿಳಿಸಿ ನೋಡಿತು. ಅದರ ‘ಆಕ್ಸಿಯಲ್ ಫ್ಲೋ’ ಮಾರುಕಟ್ಟೆಗೆ ಬಂದದ್ದು 1977ರಲ್ಲಿ. ನ್ಯೂ ಹಾಲೆಂಡ್‌ನ ಟಿಆರ್70 ಅದಕ್ಕಿಂತ ಎರಡು ವರ್ಷ ಮೊದಲು, 1975ರಲ್ಲೇ ಬಂದಿತ್ತು.

ಹಳೇ ಮಷಿನ್‌ಗೆ ಹೊಸ ಭಾಗ ಕೂಡಿಸಿದ ಉದಾಹರಣೆ ನಮ್ಮ ದೇಶದಲ್ಲೂ ಇದೆ. ಪಂಜಾಬಿನಲ್ಲಿ ಕಂಬೈನ್‌ನ ಹಿಂಬದಿಗೆ ಕೂರಿಸುವ ‘ಸೂಪರ್ ಎಸ್‌ಎಂಎಸ್’ ಹುಲ್ಲನ್ನು ಕತ್ತರಿಸಿ ಗದ್ದೆಗೆ ಹರಡುತ್ತದೆ. ಹುಲ್ಲು ಸುಡುವುದನ್ನು ತಪ್ಪಿಸಲು ಬಂದದ್ದು ಅದು. ನಮ್ಮ ಕಡೆ ಭತ್ತದ ಹುಲ್ಲು ದನಕ್ಕೆ ಬೇಕು, ಬಣವೆ ಹಾಕಬೇಕು. ಅಲ್ಲಿಗೆ ಸರಿಯಾದದ್ದು ಇಲ್ಲಿಗೂ ಸರಿ ಅಂತಲ್ಲ.

ಮೊದಲು ಸೆಟ್ಟಿಂಗ್, ಆಮೇಲೆ ವೆಲ್ಡಿಂಗ್

ಎಷ್ಟೋ ತೊಂದರೆಗೆ ಹೊಸ ಭಾಗ ಬೇಕಾಗಿಲ್ಲ.

ಕಾಳು ಒಡೆಯುತ್ತಿದೆಯೇ? ಡ್ರಮ್ಮಿನ ವೇಗ ಜಾಸ್ತಿ ಇರಬಹುದು, ಇಲ್ಲವೇ ಡ್ರಮ್ಮಿಗೂ ಕೆಳಗಿನ ಜಾಲರಿಗೂ ನಡುವಿನ ಸಂದು ಕಡಿಮೆ ಇರಬಹುದು.

ತೆನೆಯಲ್ಲೇ ಕಾಳು ಉಳಿಯುತ್ತಿದೆಯೇ? ಇದಕ್ಕೆ ಉಲ್ಟಾ. ಬೆಳೆ ಹಸಿ ಇದ್ದರೂ ಹೀಗಾಗುತ್ತದೆ.

ಹೊಟ್ಟಿನ ಜೊತೆ ಗಟ್ಟಿ ಕಾಳು ಹಾರುತ್ತಿದೆಯೇ? ಫ್ಯಾನಿನ ಗಾಳಿ ತಗ್ಗಿಸಿ. ಟ್ಯಾಂಕಿನಲ್ಲಿ ಹೊಟ್ಟು ಜಾಸ್ತಿಯಿದ್ದರೆ ಗಾಳಿ ಏರಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ.

ನಷ್ಟ ಅಳೆಯುವುದು ಹೇಗೆ?

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಸಾಕು. ಕೊಯ್ಯುವ ಮೊದಲೇ ನೆಲಕ್ಕೆ ಉದುರಿದ್ದ ಕಾಳು ಎಣಿಸಿಕೊಳ್ಳಿ. ಮಷಿನ್ ಹೋದ ಮೇಲೆ ಹುಲ್ಲು ಜಾಡಿಸಿ, ಕೊಯ್ದ ಪಟ್ಟಿಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಚೌಕಟ್ಟನ್ನು ಸಾಲಾಗಿ ಇಟ್ಟು ಎಣಿಸಿ, ಸರಾಸರಿ ತೆಗೆಯಿರಿ. ಹುಲ್ಲು ಬೀಳುವ ಜಾಗದಲ್ಲಿ ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಯಾಕೆಂದರೆ ಹಿಂಬದಿಯ ನಷ್ಟವೆಲ್ಲ ಅಲ್ಲೇ ಬಿದ್ದಿರುತ್ತದೆ. ಸರಾಸರಿಯಿಂದ ಮೊದಲೇ ಉದುರಿದ್ದನ್ನು ಕಳೆಯಿರಿ.

ಸಾವಿರ ಕಾಳು 25 ಗ್ರಾಂ ತೂಗುವ ಭತ್ತ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 100 ಕಾಳು ಬಿದ್ದರೆ ಎರಡೂವರೆ ಗ್ರಾಂ. ಎಕರೆಗೆ 4,047 ಚದರ ಮೀಟರ್, ಅಂದರೆ ಸುಮಾರು 10 ಕೆ.ಜಿ. ಸಣ್ಣ ಭತ್ತವಾದರೆ ತೂಕ ಕಡಿಮೆ. ನಿಮ್ಮ ಭತ್ತದ ಸಾವಿರ ಕಾಳನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ.

ಪುಲ್ಲಿ ಬದಲಾಯಿಸುವವರೇ, ಗಮನಿಸಿ

ಡ್ರಮ್ಮಿನ ಪುಲ್ಲಿ ಚಿಕ್ಕದಾದಷ್ಟೂ ಡ್ರಮ್ ಜೋರಾಗಿ ತಿರುಗುತ್ತದೆ. ನಿಮಿಷಕ್ಕೆ 600 ಸುತ್ತಿದ್ದದ್ದು 720 ಆಯಿತೆನ್ನಿ. ವೇಗ ಏರಿದ್ದು ಶೇ. 20, ಆದರೆ ಪ್ರತಿ ಹಲ್ಲನ್ನು ಹೊರಕ್ಕೆ ಎಳೆಯುವ ಬಲ ಶೇ. 44 ಏರುತ್ತದೆ. ಹಳೇ ವೆಲ್ಡಿಂಗ್, ಸವೆದ ಬೋಲ್ಟು ಅದನ್ನು ತಡೆಯಬೇಕಲ್ಲ! ಒಂದೇ ಬದಿಗೆ ಹಲ್ಲು ಬೆಸೆದರೆ ಡ್ರಮ್ಮಿನ ತೂಕ ಹದ ತಪ್ಪಿ ಬೇರಿಂಗ್ ಹೋಗುತ್ತದೆ. ಹಲ್ಲು ಹಾಕುವಾಗ ಎದುರುಬದಿರು ಸಮತೂಕ ನೋಡಿ.

ಬೆಲ್ಟ್, ಚೈನ್‌ಗಳ ಮೇಲಿನ ಕವರ್ ತೆಗೆದರೆ ಮತ್ತೆ ಹಾಕದೆ ಮಷಿನ್ ಹೊರಗೆ ಬಿಡಬೇಡಿ. ಸಿಕ್ಕಿಕೊಂಡ ಹುಲ್ಲು ತೆಗೆಯುವ ಮುಂಚೆ ಎಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ನಿಂತರೂ ಡ್ರಮ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ.

ಕಾನೂನು

ಒಕ್ಕಣೆ ಯಂತ್ರಗಳಿಂದ ಕೈಕಾಲು ಕಳೆದುಕೊಳ್ಳುವವರು ಹೆಚ್ಚಿದ್ದರಿಂದಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆ ಬಂತು. ಅದರಲ್ಲಿ ಪರಿಹಾರದ ಮಾತೂ ಇದೆ. ನೋಂದಣಿಯಾದ ವಾಹನವನ್ನು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ದೊಡ್ಡ ಬದಲಾವಣೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಕಲಿಯಬೇಕೆನ್ನುವವರಿಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ.

ಕೊನೆಯದಾಗಿ, ಬದಲಾಯಿಸಿದ ಮಷಿನ್ ಅನ್ನು ಮೊದಲು ನಿಮ್ಮ ಸ್ವಂತ ಗದ್ದೆಯಲ್ಲಿ ಓಡಿಸಿ, ಕಾಳು ಎಣಿಸಿ. ಬಾಡಿಗೆಗೆ ಬಿಡುವುದು ಅದಾದ ಮೇಲೆ.